600 ರೂಪಾಯಿ ಜಾಸ್ತಿಯಲ್ಲ

ಪತ್ರ: ನಾನು ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಶನಿವಾರ, ಭಾನುವಾರ ಮಣ್ಣಿನ ಕಪ್, ಬಟ್ಟಲು ಮಾಡಿ ಮೇಳಗಳಲ್ಲಿ ಮಾರುತ್ತೇನೆ. ಒಂದು ಕಪ್‌ಗೆ 600 ಅಂದರೆ ಬಂದವರು ಮುಖ ಸಿಂಡರಿಸುತ್ತಾರೆ. ‘ಸಂಬಳ ಬರುತ್ತಲ್ಲ, ಹವ್ಯಾಸಕ್ಕೆ ಮಾಡೋದಕ್ಕೆ ಇಷ್ಟು ಬೆಲೆ ಯಾಕೆ?’ ಅಂತ ಮನೆಯವರೂ ಕೇಳುತ್ತಾರೆ. ಮಣ್ಣಿನ ಖರ್ಚು ಹುಟ್ಟಿದರೆ ಸಾಕು ಅಂತ 250ಕ್ಕೆ ಇಳಿಸಲೇ?
— ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಬೇಡ. ಒಂದು ರೂಪಾಯಿಯನ್ನೂ ಇಳಿಸಬೇಡಿ.

ಗಿರಾಕಿಗಳ ಕಡೆಯೂ ಒಂದು ಮಾತಿದೆ, ಒಪ್ಪುತ್ತೇನೆ. ಉತ್ತರ ಪ್ರದೇಶದ ಪಿಂಗಾಣಿ ಊರು ಖುರ್ಜಾದ ಕಾರ್ಖಾನೆಯಿಂದ ಬರುವ ಕಪ್ ನೋಡಲು ಚೆನ್ನಾಗಿಯೇ ಇರುತ್ತದೆ, ಕಡಿಮೆ ಬೆಲೆಗೂ ಸಿಗುತ್ತದೆ. ಕೈ ಬಿಗಿ ಇರುವವರು ಅದನ್ನೇ ಕೊಳ್ಳಲಿ, ತಪ್ಪೇನಿಲ್ಲ. ಅದಕ್ಕಾಗಿ ನೀವು ಖುರ್ಜಾದ ಬೆಲೆಗೆ ಇಳಿಯಬೇಕಾಗಿಲ್ಲ.

ಕಂಪನಿಯ ಪೈಸೆ ಪೈಸೆ ಲೆಕ್ಕ ಇಡುವ ನೀವು, ನಿಮ್ಮದೇ ಕೈಕೆಲಸಕ್ಕೆ ಬಂದಾಗ ಬರೀ ಮಣ್ಣಿನ ಖರ್ಚು ಬರೆದು ಪುಸ್ತಕ ಮುಚ್ಚಿಬಿಟ್ಟಿರಲ್ಲ! ಮಣ್ಣನ್ನು ಒಳಗೆ ಗಾಳಿ ಉಳಿಯದ ಹಾಗೆ ನಾದಬೇಕು. ತಿಗರಿಯ, ಅಂದರೆ ಕುಂಬಾರನ ಚಕ್ರದ, ಮೇಲೆ ಎತ್ತಬೇಕು. ಅರೆ ಒಣಗಿದಾಗ ತಳ ಕೆತ್ತಿ ಹಿಡಿ ಅಂಟಿಸಬೇಕು. ಕಪ್ ಜಾಸ್ತಿ ಒಣಗಿಹೋಗಿದ್ದರೆ ಹಿಡಿ ಸೇರಿದ ಕಡೆಯೇ ಬಿರುಕು ಬಿಡುತ್ತದೆ. ಮಳೆಗಾಲದಲ್ಲಂತೂ ಪೂರ್ತಿ ಒಣಗಲು ವಾರವೂ ಸಾಲದು. ಆಮೇಲೆ ಸುಮಾರು 1000 ಡಿಗ್ರಿಯಲ್ಲಿ ಒಂದು ಸಲ ಸುಟ್ಟು, ಗಾಜಿನಂಥ ಹೊಳಪು ಕೊಡುವ ಗ್ಲೇಜ್ ಹಚ್ಚಿ, 1200 ಡಿಗ್ರಿ ದಾಟಿಸಿ ಇನ್ನೊಂದು ಸಲ ಸುಡಬೇಕು. 573 ಡಿಗ್ರಿಯ ಹತ್ತಿರ ಮಣ್ಣಿನೊಳಗಿನ ಬೆಣಚು ಒಮ್ಮೆಲೇ ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ. ಅಲ್ಲಿ ಅವಸರ ಮಾಡಿದರೆ ಕಪ್ ಸೀಳುತ್ತದೆ. ಇಷ್ಟೆಲ್ಲ ಮಾಡಿದರೂ ಸುಡುವ ಗೂಡಾದ ಕಿಲ್ನ್‌ನ ಬಾಗಿಲು ತೆಗೆದಾಗ ಒಂದೆರಡು ಹಾಳಾಗಿರುವುದು ಇದ್ದದ್ದೇ. ಅವುಗಳ ಖರ್ಚನ್ನೂ ಉಳಿದ ಕಪ್‌ಗಳೇ ಹೊರಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ಗಂಟೆಗಿಷ್ಟು ಅಂತ ಕೂಲಿ ಕಟ್ಟಿ ನೋಡಿ, 600 ಕಮ್ಮಿಯೇ ಆಯಿತು.

ಇನ್ನು ಮನೆಯವರ ಮಾತು. ಸಂಬಳ ಬರುತ್ತದೆ ಅನ್ನುವುದೇ ನೀವು ಬೆಲೆ ಇಳಿಸದಿರಲು ದೊಡ್ಡ ಕಾರಣ. ಒಂದು ಮೇಳದಲ್ಲಿ ಅಕ್ಕಪಕ್ಕದ ಎರಡು ಸ್ಟಾಲ್ ನೋಡಿದ್ದೆ. ಒಂದರಲ್ಲಿ ನಿಮ್ಮ ಹಾಗೆಯೇ ರಜೆಯ ದಿನ ಮಾಡುವ ಹುಡುಗ, ಬಟ್ಟಲಿಗೆ 200 ಅಂತ ಚೀಟಿ ಅಂಟಿಸಿದ್ದ. ಪಕ್ಕದಲ್ಲಿ ಇದೇ ಕಸುಬಿನಿಂದ ಮನೆ ನಡೆಸುವ ಹೆಣ್ಣುಮಗಳು, 450 ಹೇಳುತ್ತಿದ್ದರು. ಜನ ಆಕೆಯ ಬಟ್ಟಲನ್ನು ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ಠಣ್ ಅನ್ನುವುದನ್ನು ಕೇಳಿ, ‘ಪಕ್ಕದಲ್ಲಿ ಇನ್ನೂರಂತೆ’ ಅಂದು ಕೆಳಗಿಡುತ್ತಿದ್ದರು. ಸಂಜೆ ಹೊತ್ತಿಗೆ ಆಕೆ 250ಕ್ಕೆ ಇಳಿದಿದ್ದರು. ಹುಡುಗ ಕೆಟ್ಟವನಲ್ಲ. ಆದರೆ ಒಂದನೇ ತಾರೀಕು ಸಂಬಳ ಬರುವುದು ಅವನಿಗೆ, ಆಕೆಗಲ್ಲ.

ಜಪಾನಿನ ಕಲಾ ಚಿಂತಕ ಯಾನಗಿ ಸೋಯೆತ್ಸು 1920ರ ದಶಕದಲ್ಲಿ, ಹೆಸರಿಲ್ಲದ ಕುಶಲಕರ್ಮಿಗಳು ಮಾಡಿದ ಅಗ್ಗದ ದಿನಬಳಕೆಯ ವಸ್ತುಗಳಲ್ಲೇ ನಿಜವಾದ ಸೊಗಸಿದೆ ಎಂದು ಸಾರಿದರು. ಅದನ್ನು ಹಿಡಿದು ಬೆಲೆ ಕಮ್ಮಿ ಇರಬೇಕು ಅಂತ ವಾದಿಸುವವರಿದ್ದಾರೆ. ಆ ಕುಂಬಾರರು ರಾಶಿ ರಾಶಿ ಮಾಡುತ್ತಿದ್ದರು, ಅದಕ್ಕೇ ಅಗ್ಗ. ಎರಡು ದಿನದ ಬಿಡುವಿನಲ್ಲಿ ನಾಲ್ಕಾರು ಕಪ್ ಎತ್ತುವ ನಿಮಗೆ ಆ ಲೆಕ್ಕ ಹೊಂದುವುದಿಲ್ಲ. ನನಗೆ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೇ ಹೆಚ್ಚು ಹತ್ತಿರ. 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿದ ಅವರು, ಕೈಕೆಲಸದವರಿಗೆ ಮಾರುಕಟ್ಟೆ ಕಟ್ಟಿಕೊಡಲು ವರ್ಷಗಟ್ಟಲೆ ದುಡಿದರು. ಆ ಮಾರುಕಟ್ಟೆಯನ್ನು ಕೆಡಿಸುವ ಕೆಲಸ ನಿಮ್ಮಂಥವರಿಂದ ಆಗಬಾರದು.

ಕುಂಬಾರ ಗುಂಡಯ್ಯ ಮಡಕೆ ತಟ್ಟಿದ ಸದ್ದಿಗೆ ಶಿವನೇ ಕುಣಿದ ಅಂತ ಕತೆ ಹೇಳುವ ನಾಡು ನಮ್ಮದು. ಆದರೆ ಬೆಂಗಳೂರು ತನ್ನ ಕುಂಬಾರರಿಗೆ ಏನು ಉಳಿಸಿದೆ ಹೇಳಿ? ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು, ಕರಗದ ಪೂಜೆಗೆ ಅಂತ ಒಂದು ಸಣ್ಣ ಕೊಳ ಉಳಿಯಿತು. ಕೆರೆಯ ಜೊತೆ ಕೆರೆಮಣ್ಣೂ ಹೋಯಿತು. ಕುಂಬಾರರ ಬಡಾವಣೆ ಪಾಟರಿ ಟೌನಿನವರು ಈಗ ದೂರದಿಂದ ದುಡ್ಡು ಕೊಟ್ಟು ಮಣ್ಣು ತರಿಸಬೇಕು. ದೀಪಾವಳಿ ಹಿಂದಿನ ದಿನ ಜನ ಅಲ್ಲಿಗೆ ಕಾರಿನಲ್ಲಿ ಬಂದು, ಒಂದು ಡಜನ್ ಹಣತೆಗೆ ಹತ್ತು ರೂಪಾಯಿ ಚೌಕಾಸಿ ಮಾಡುತ್ತಾರೆ. ಅಂಥವರೇ ಎರಡು ಗಂಟೆ ತಿಗರಿ ಮುಂದೆ ಕೂತು ಫೋಟೊ ತೆಗೆಸಿಕೊಳ್ಳಲು ಸಾವಿರಗಟ್ಟಲೆ ಕೊಟ್ಟು ಬರುತ್ತಾರೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಮಣ್ಣಿನ ಜೊತೆ ಆಟಕ್ಕೆ ದುಡ್ಡಿದೆ, ಮಣ್ಣಿನ ಕೆಲಸಕ್ಕೆ ಇಲ್ಲ.

ಕಮ್ಮಿ ಬೆಲೆಗೂ ಒಂದಿಷ್ಟು ಇಡಬೇಕು ಅನ್ನಿಸಿದರೆ, ಗ್ಲೇಜ್ ಇಳಿದು ಹೋದವು, ಬಾಯಿ ಸೊಟ್ಟಗಾದವನ್ನು ಬೇರೆ ಬುಟ್ಟಿಯಲ್ಲಿಡಿ. ಸೆಕೆಂಡ್ಸ್ ಅಂತ ಬರೆದು 300ಕ್ಕೆ ಕೊಡಿ. ಬಿರುಕು ಬಿಟ್ಟದ್ದನ್ನು ಮಾತ್ರ ಯಾರಿಗೂ ಕೊಡಬೇಡಿ. ಒಳ್ಳೆಯ ಕಪ್‌ಗೆ 600 ಇರಲಿ. ಯಾಕೆ ಇಷ್ಟು ಅಂತ ಕೇಳಿದವರಿಗೆ ಸಮಾಧಾನವಾಗಿ ವಿವರಿಸಿ, ಎಷ್ಟೋ ಜನ ಕೇಳಿದ ಮೇಲೆ ಕೊಳ್ಳುತ್ತಾರೆ. ದೀಪಾವಳಿಗೆ ಹಣತೆ ಮಾಡಿ ಮಾರುವ ಯೋಚನೆ ಏನಾದರೂ ಇದ್ದರೆ ಅದನ್ನು ಬಿಡಿ. ಅದು ಪಾಟರಿ ಟೌನಿನವರಿಗೇ ಇರಲಿ.