ಓದುಗರ ಪ್ರಶ್ನೆ: ಹಿಟ್ಟು ಕಹಿಯಾಯಿತು, ಡಬ್ಬಿಯಲ್ಲಿ ದುಡ್ಡು ಉಳಿಯಲಿಲ್ಲ

ಸಿರಿಧಾನ್ಯದ ಹಿಟ್ಟು, ಮಾಲ್ಟ್, ಊಟದ ಡಬ್ಬಿ ಮಾಡಿ ಮಾರುವವರಿಂದಲೇ ಈ ಸಲ ಹೆಚ್ಚು ಪತ್ರಗಳು ಬಂದಿವೆ. ಆಹಾರ ಸಂಸ್ಕರಣೆ ಬಲ್ಲವರೂ ಸಣ್ಣ ಉದ್ದಿಮೆಗಳ ಲೆಕ್ಕ ನೋಡುವವರೂ ಕೂಡಿ ಉತ್ತರ ಕೊಟ್ಟಿದ್ದಾರೆ.

ಪ್ರಶ್ನೆ: ರಾಗಿ ಹಿಟ್ಟು ಎರಡು ತಿಂಗಳಾದರೂ ಚೆನ್ನಾಗಿರುತ್ತದೆ. ಅದೇ ಗಿರಣಿಯಲ್ಲಿ, ಅದೇ ದಿನ ಬೀಸಿದ ಸಜ್ಜೆ ಹಿಟ್ಟು ಹತ್ತೇ ದಿನಕ್ಕೆ ಕಹಿ. ಗಿರಾಕಿಗಳು ವಾಪಸ್ ತರುತ್ತಿದ್ದಾರೆ. ಹಳೇ ಕಾಳು ಕೊಟ್ಟು ಮೋಸ ಮಾಡಿದರೇ? – ಕೊಪ್ಪಳ

ಕಾಳು ಕೊಟ್ಟವರನ್ನು ದೂರಬೇಡಿ. ಸಜ್ಜೆಯ ಗುಣವೇ ಅದು. ಅದರ ಮೊಳಕೆಯ ಭಾಗ ದೊಡ್ಡದು, ಎಣ್ಣೆಯಂಶ ನೂರಕ್ಕೆ ಐದರಷ್ಟು. ರಾಗಿಯಲ್ಲಿ ಎರಡೂ ಇಲ್ಲ. ಇಡೀ ಕಾಳಿನಲ್ಲಿ ಎಣ್ಣೆ ಒಂದು ಕಡೆ, ಅದನ್ನು ಒಡೆಯುವ ಲೈಪೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಬೀಸಿದ ಕೂಡಲೇ ಎರಡೂ ಬೆರೆಯುತ್ತವೆ, ಅಲ್ಲಿಂದಲೇ ಕಹಿ ಶುರು. ಕಮಟು ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಆಮೇಲೆ ಬಿಸಿಲಿಗೆ ಹಾಕಿದರೂ ಜರಡಿ ಹಿಡಿದರೂ ಅದು ಹೋಗುವುದಿಲ್ಲ.

ಬೀಸುವ ಮೊದಲೇ ಕಿಣ್ವವನ್ನು ಕೊಲ್ಲಬೇಕು. ಒಂದು ಕಿಲೋ ಕಾಳಿಗೆ ಐದು ಲೀಟರ್ ನೀರು ಇಟ್ಟು ಕೊತಕೊತ ಕುದಿಸಿ. ತೊಳೆದ ಕಾಳನ್ನು ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಅದರಲ್ಲಿ ಅದ್ದಿ, ಮೂವತ್ತು ಸೆಕೆಂಡ್ ಎಣಿಸಿ ತೆಗೆಯಿರಿ. ಕೂಡಲೇ ನೀರು ಬಸಿದು, ತೆಳ್ಳಗೆ ಹರಡಿ, ಕಾಳು ಹಲ್ಲಿಗೆ ಸಿಕ್ಕರೆ ಕಟ್ ಎನ್ನುವಷ್ಟು ಒಣಗಿಸಿ. ಎರಡು ಕಡೆ ಎಡವುತ್ತಾರೆ. ಒಂದೇ ಸಲಕ್ಕೆ ಐದು ಕಿಲೋ ಅದ್ದಿದರೆ ನೀರಿನ ಕುದಿ ನಿಂತು ನಡುವಿನ ಕಾಳಿಗೆ ಬಿಸಿಯೇ ತಾಗುವುದಿಲ್ಲ. ಅರೆಬರೆ ಒಣಗಿಸಿದರೆ ಕಹಿಯ ಬದಲು ಬೂಸ್ಟು ಬರುತ್ತದೆ. ಸರಿಯಾಗಿ ಮಾಡಿದ ಹಿಟ್ಟು ಒಂದು ತಿಂಗಳು ತಡೆಯುತ್ತದೆ.

ಗಿರಣಿಯಿಂದ ಬಂದ ಬಿಸಿ ಹಿಟ್ಟನ್ನು ಹಾಗೇ ಕಟ್ಟಬೇಡಿ. ಆರಿಸದೆ ಕಟ್ಟಿದರೆ ಪ್ಯಾಕೆಟ್ ಒಳಗೇ ಬೆವರುತ್ತದೆ. ಒಳಗಿನದು ಕಾಣುವ ಪ್ಲಾಸ್ಟಿಕ್ ಚೀಲ ನೋಡಲು ಚೆಂದ. ಆದರೆ ಬೆಳಕೂ ಗಾಳಿಯೂ ಎಣ್ಣೆಗೆ ಶತ್ರು, ಹಾಗಾಗಿ ಸಜ್ಜೆಗೆ ಅಲ್ಯೂಮಿನಿಯಂ ಪದರದ ಚೀಲವೇ ಸರಿ. ಪ್ರತಿ ಸಲ ಬೀಸಿದಾಗಲೂ ಒಂದು ಪ್ಯಾಕೆಟ್ ಅಂಗಡಿಯ ಕಪಾಟಿನಲ್ಲೇ ಎತ್ತಿಟ್ಟು 7, 14, 21, 30ನೇ ದಿನ ನಾಲಿಗೆಗೆ ಹಾಕಿ ನೋಡಿ. ಎಷ್ಟು ದಿನದೊಳಗೆ ಬಳಸಬೇಕು ಎಂದು ಬರೆಯುವ ಮುಂಚೆ ಇಷ್ಟಾದರೂ ಆಗಬೇಕು. ಪಕ್ಕದ ಅಂಗಡಿಯ ಪ್ಯಾಕೆಟ್ ನೋಡಿ ‘ಆರು ತಿಂಗಳು’ ಎಂದು ಅಚ್ಚು ಹಾಕಿಸಿದವರಿಗೇ ಹಿಟ್ಟು ವಾಪಸ್ ಬರುವುದು.

ಪ್ರಶ್ನೆ: ನಮ್ಮ ಮೊಳಕೆ ರಾಗಿ ಮಾಲ್ಟ್ ಎಷ್ಟು ಕುದಿಸಿದರೂ ಗಟ್ಟಿಯಾಗುವುದಿಲ್ಲ, ನೀರು ನೀರು ಎಂದು ದೂರು. ಬೇರೆ ಹಿಟ್ಟು ಬೆರೆಸಿದ್ದೀರಿ ಎಂದೂ ಒಬ್ಬರು ಅಂದುಬಿಟ್ಟರು. – ತಿಪಟೂರು

ಗಟ್ಟಿಯಾಗದಿರುವುದೇ ಒಳ್ಳೆಯ ಮೊಳಕೆಯ ಲಕ್ಷಣ. ರಾಗಿ ಮೊಳೆತಾಗ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಗಂಜಿ ಬಿಸಿಯಾಗುತ್ತ 55ರಿಂದ 70 ಡಿಗ್ರಿ ದಾಟುವ ಹೊತ್ತಿನಲ್ಲಿ ಅದು ಪಿಷ್ಟವನ್ನು ಕತ್ತರಿಸಿ ತೆಳ್ಳಗೆ ಮಾಡಿಬಿಡುತ್ತದೆ. ಮಗುವಿಗೆ ಇದರಿಂದ ಲಾಭವೇ. ಅಷ್ಟೇ ತೆಳುವಾದ ಗಂಜಿಯಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ, ಸಣ್ಣ ಹೊಟ್ಟೆಗೆ ಹೆಚ್ಚು ಶಕ್ತಿ ಸೇರುತ್ತದೆ. ಪ್ಯಾಕೆಟ್ಟಿನ ಮೇಲೆ ಈ ಎರಡು ಸಾಲು ಬರೆದರೆ ಅರ್ಧ ದೂರು ನಿಲ್ಲುತ್ತದೆ.

ಉಳಿದರ್ಧ ಅಡುಗೆಮನೆಯ ವಿಷಯ. ತಣ್ಣೀರಿಗೆ ಹಿಟ್ಟು ಕಲಸಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಕಿಣ್ವಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಎರಡು ಚಮಚ ಹಿಟ್ಟನ್ನು ಕಾಲು ಲೋಟ ನೀರಲ್ಲಿ ಕದಡಿ, ಮರಳುವ ನೀರಿಗೆ ಒಮ್ಮೆಲೇ ಸುರಿದು ಕೈಯಾಡಿಸಿದರೆ ಕಿಣ್ವ ಅಲ್ಲೇ ಸಾಯುತ್ತದೆ, ಗಂಜಿ ಮೊದಲಿಗಿಂತ ಗಟ್ಟಿ ನಿಲ್ಲುತ್ತದೆ. ಸಾದಾ ರಾಗಿ ಹಿಟ್ಟು ಬೆರೆಸಿ ಗಟ್ಟಿ ಮಾಡುತ್ತೇನೆ ಎನ್ನಬೇಡಿ. ಒಂದಿಷ್ಟು ಮೊಳಕೆ ಹಿಟ್ಟು ಇದ್ದರೂ ಅದು ಮಿಕ್ಕಿದ್ದನ್ನೂ ತೆಳ್ಳಗೆ ಮಾಡುತ್ತದೆ.

ನಿಮ್ಮ ಪತ್ರದಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮೊಳಕೆಯನ್ನು ಮೂರು ದಿನ ಬಿಡುತ್ತೇವೆ ಎಂದಿದ್ದೀರಿ. ಅಷ್ಟು ಬೇಡ. ಹನ್ನೆರಡು ಗಂಟೆ ನೆನೆಸಿ (ನಡುವೆ ಒಮ್ಮೆ ನೀರು ಬದಲಿಸಿ), ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿದರೆ ಬೇಸಿಗೆಯಲ್ಲಿ 24 ಗಂಟೆ ಸಾಕು. ಚಳಿಯಲ್ಲಿ 36ರಿಂದ 48. ಬೇರು ಅರ್ಧ ಸೆಂಟಿಮೀಟರ್ ಬಂದಾಗ ನಿಲ್ಲಿಸಿ, ಒಂದೇ ಪದರವಾಗಿ ಹರಡಿ ಒಣಗಿಸಿ. ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿ ಮೊರದಲ್ಲಿ ಕೇರಿ ಬೇರನ್ನೆಲ್ಲ ತೆಗೆಯಿರಿ. ಕಹಿ ಇರುವುದು ಅದರಲ್ಲೇ. ಆಮೇಲೆ ಘಮ ಬರುವಷ್ಟು ಬೆಚ್ಚಗೆ ಹುರಿದು, ಆರಿಸಿ, ಬೀಸಿ. ಒಂದು ಕಿಲೋ ರಾಗಿಗೆ 800 ಗ್ರಾಂ ಆಸುಪಾಸು ಹಿಟ್ಟು ಸಿಗುತ್ತದೆ. ದರ ಕಟ್ಟುವಾಗ ಈ ಇನ್ನೂರು ಗ್ರಾಂ ಮರೆಯುವವರೇ ಹೆಚ್ಚು.

ಗಂಟು ಬಿಚ್ಚಿದಾಗ ಲೋಳೆ, ಹುಳಿ ನಾತ ಅಥವಾ ಜೇಡರ ಬಲೆಯಂತೆ ಬಿಳಿ ಎಳೆ ಕಂಡರೆ ಅಷ್ಟನ್ನೂ ಎಸೆಯಿರಿ. ಬೇರಿನ ತುದಿಯ ನವಿರು ರೋಮ ಬೇರೆ, ಕಾಳಿನಿಂದ ಕಾಳಿಗೆ ಹಬ್ಬಿದ ಬೂಸ್ಟು ಬೇರೆ. ಎರಡು ದಿನ ನೋಡಿದರೆ ಕಣ್ಣಿಗೆ ತಿಳಿಯುತ್ತದೆ. ಬೂಸ್ಟಿನ ವಿಷ ಹುರಿದರೆ ಹೋಗುವಂಥದ್ದಲ್ಲ.

ಪ್ರಶ್ನೆ: ಕಚೇರಿಗಳಿಗೆ ಸಿರಿಧಾನ್ಯದ ಊಟ ಕೊಡುತ್ತೇವೆ. ದಿನಕ್ಕೆ 40 ಡಬ್ಬಿ, ಒಂದಕ್ಕೆ 90 ರೂ. ಸಾಮಗ್ರಿ 34, ಡಬ್ಬಿ 7 ಕಳೆದರೆ 49 ರೂ. ಲಾಭ ಬರಬೇಕು. ತಿಂಗಳ ಕೊನೆಗೆ ಕೈಯಲ್ಲಿ ಏನೂ ಇರುವುದಿಲ್ಲ. ಒಂದಿಷ್ಟು ಆರ್ಡರ್ ಆ್ಯಪ್ ಮೂಲಕವೂ ಬರುತ್ತದೆ. – ಮೈಸೂರು

ಕಾಗದದ ಮೇಲೆ ಕಾಣುವ 49 ಎಲ್ಲಿ ಹೋಗುತ್ತದೆ ನೋಡೋಣ. ನಲವತ್ತು ಮಾಡಿ ಮೂವತ್ತಾರು ಮಾರುತ್ತೇವೆ ಎಂದು ನೀವೇ ಬರೆದಿದ್ದೀರಿ. ಉಳಿದ ನಾಲ್ಕರ ಸಾಮಗ್ರಿ 136 ರೂ. ಮಾರಿದ 36ರ ತಲೆಗೆ ಬರುತ್ತದೆ, ಅಂದರೆ ಸಾಮಗ್ರಿ 34 ಅಲ್ಲ, 38. ಡಬ್ಬಿ 7, ಗ್ಯಾಸ್ 4, ತಲುಪಿಸುವ ಹುಡುಗನಿಗೆ 15. ಸಹಾಯಕಿಗೆ ದಿನಕ್ಕೆ 360 ಕೊಟ್ಟರೆ ಡಬ್ಬಿಗೆ 10. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೀವು ಮಾಡುವ ಕೆಲಸಕ್ಕೂ ಅಷ್ಟೇ ಹಾಕಿ, ಇನ್ನೊಂದು 10. ಕರೆಂಟು, ನೀರು, ಸೋಪು ಎಂದು 3. ಎಲ್ಲ ಕೂಡಿದರೆ 87. ಉಳಿದದ್ದು 3 ರೂಪಾಯಿ. ಆ್ಯಪ್‌ನವರು ನೂರಕ್ಕೆ 25 ಹಿಡಿದರೆ 22.50 ಹೋಯಿತು. ತಲುಪಿಸುವ 15 ನಿಮಗೆ ಉಳಿದರೂ ಪ್ರತಿ ಡಬ್ಬಿಗೆ ನಾಲ್ಕೂವರೆ ರೂಪಾಯಿ ಕೈಯಿಂದ ಕೊಟ್ಟಂತೆ. ಆ ಆರ್ಡರ್ ಹೆಚ್ಚಿದಷ್ಟೂ ನಷ್ಟವೇ ಹೆಚ್ಚು.

ದರ ಏರಿಸುವ ಮೊದಲು ಮೂರು ಕೆಲಸ ಮಾಡಿ. ಹಿಂದಿನ ರಾತ್ರಿ ಎಂಟಕ್ಕೆ ಆರ್ಡರ್ ಮುಚ್ಚಿ. ತಿಂಗಳ ಪಾಸು ಮಾಡಿಸಿದವರ ಲೆಕ್ಕ ಮೊದಲೇ ಗೊತ್ತಿರುವುದರಿಂದ ನಾಲ್ಕು ಡಬ್ಬಿ ಉಳಿಯುವುದು ಒಂದಕ್ಕೆ ಇಳಿಯುತ್ತದೆ. ಎರಡನೆಯದು ತಕ್ಕಡಿ. ಅಳತೆ 350 ಗ್ರಾಂ ಇದ್ದು ಪ್ರೀತಿಯಿಂದ 40 ಗ್ರಾಂ ಹೆಚ್ಚು ಬಡಿಸಿದರೆ ಒಂಬತ್ತು ಡಬ್ಬಿಗೆ ಒಂದು ಡಬ್ಬಿ ಕಳೆದಂತೆ. ಸೌಟಿಗೆ ಗುರುತು ಹಾಕಿ, ವಾರಕ್ಕೊಮ್ಮೆ ತೂಗಿ ನೋಡಿ. ಮೂರನೆಯದು, ಪಾಸಿನವರಿಗೆ ಸ್ಟೀಲ್ ಡಬ್ಬಿ. ಒಂದಕ್ಕೆ 250 ರೂ. ಬಿದ್ದು, ತೊಳೆಯಲು ದಿನಕ್ಕೆ 2 ತಗುಲಿದರೆ ಪ್ರತಿ ಊಟಕ್ಕೆ 5 ರೂ. ಉಳಿಯುತ್ತದೆ. ಐವತ್ತು ಊಟಕ್ಕೆ, ಅಂದರೆ ಎರಡು ತಿಂಗಳು ಚಿಲ್ಲರೆಗೆ, ಹಣ ಬಂತು. ಠೇವಣಿ ಇಲ್ಲದೆ ಮಾತ್ರ ಕೊಡಬೇಡಿ. ಮುಚ್ಚಳ ವಾಪಸ್ ಬರುವುದಿಲ್ಲ!

ಪ್ರಶ್ನೆ: ನವಣೆ ಬಿಸಿಬೇಳೆಬಾತ್ ಬೆಳಗ್ಗೆ ಹದವಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆ. – ಬೆಂಗಳೂರು

ತಣಿದಾಗ ಪಿಷ್ಟ ಮತ್ತೆ ಬಿಗಿಯುತ್ತದೆ, ನವಣೆಯಲ್ಲಿ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. ಕೂಡಲೇ ಉಣ್ಣುವುದಕ್ಕೆ ಒಂದಕ್ಕೆ ಎರಡೂವರೆ ನೀರಾದರೆ ಡಬ್ಬಿಗೆ ಮೂರೂಕಾಲು ಹಾಕಿ. ಕಡಿಮೆಯೆಂದರೆ ಅರ್ಧ ಗಂಟೆ ನೆನೆಸಿ, ಬೇಳೆ ಒಂದು ಹಿಡಿ ಹೆಚ್ಚಿಸಿ. ಕಟ್ಟುವಾಗ ಸೌಟಿನಿಂದ ಸುರಿಯುವಷ್ಟು ತೆಳುವಿದ್ದರೆ ಒಂದು ಗಂಟೆಗೆ ಸರಿ ಇರುತ್ತದೆ. ಬಿಸಿ ಡಬ್ಬಿ 60 ಡಿಗ್ರಿಗಿಂತ ಕೆಳಗಿಳಿಯದಂತೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಒಯ್ದರೆ ಗಟ್ಟಿಯೂ ಆಗುವುದಿಲ್ಲ, ಕೆಡುವುದೂ ಇಲ್ಲ.

ಪ್ರಶ್ನೆ: ಕೋಸಂಬರಿ, ಹಸಿ ತರಕಾರಿ ಸಲಾಡ್ ಮಧ್ಯಾಹ್ನಕ್ಕೆ ನೀರೊಡೆದು ವಾಸನೆ ಬರುತ್ತದೆ. – ಶಿವಮೊಗ್ಗ

ಉಪ್ಪು ಸೌತೆಕಾಯಿಯ ನೀರನ್ನು ಹೊರಗೆಳೆಯುತ್ತದೆ. ಉಪ್ಪು, ನಿಂಬೆರಸ, ಒಗ್ಗರಣೆಯನ್ನು ಪುಟ್ಟ ಡಬ್ಬಿಯಲ್ಲಿ ಬೇರೆ ಕೊಡಿ, ತಿನ್ನುವವರು ಕಲಸಿಕೊಳ್ಳಲಿ. ಹೆಚ್ಚುವ ಮೊದಲು ತರಕಾರಿಯನ್ನು 50 ಪಿಪಿಎಂ (ಲೀಟರಿಗೆ 50 ಮಿಲಿಗ್ರಾಂ) ಕ್ಲೋರಿನ್ ನೀರಲ್ಲಿ ಐದು ನಿಮಿಷ ಇಡಬೇಕು. ಆಹಾರಕ್ಕೆ ಬಳಸಬಹುದಾದ, ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ಆದರೆ ಲೀಟರಿಗೆ 1 ಮಿಲಿ. ಆಮೇಲೆ ಕುಡಿಯುವ ನೀರಲ್ಲಿ ತೊಳೆಯಿರಿ. ಹೆಚ್ಚಿದ್ದು 5 ಡಿಗ್ರಿಯೊಳಗೇ ಇರಬೇಕು. ಮೊಳಕೆ ಕಾಳಿನ ವಿಷಯದಲ್ಲಿ ಇನ್ನೂ ಎಚ್ಚರ. ಮೊಳಕೆಗೆ ಬೇಕಾದ ಬೆಚ್ಚಗಿನ ತೇವವೇ ರೋಗಾಣುವಿಗೂ ಬೇಕು. ಗರ್ಭಿಣಿಯರಿಗೆ, ವಯಸ್ಸಾದವರಿಗೆ ಹಬೆಯಲ್ಲಿ ಬೇಯಿಸಿಯೇ ಕೊಡಿ.

ಪ್ರಶ್ನೆ: ಬೆಲ್ಲ ಹಾಕಿದ ರಾಗಿ ಲಾಡುವಿಗೆ ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆಯಬಹುದೇ? ‘ಮಧುಮೇಹಕ್ಕೆ ರಾಮಬಾಣ’ ಎಂದರೆ? – ಹುಬ್ಬಳ್ಳಿ

ಎರಡೂ ಆಗದು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ಮತ್ತು ಹೇಳಿಕೆ ನಿಯಮದ ಪ್ರಕಾರ ಬೆಲ್ಲ, ಜೇನು ಯಾವುದು ಹಾಕಿದರೂ ಸಕ್ಕರೆ ಸೇರಿಸಿದಂತೆಯೇ. ಸಿಹಿಗೆಂದು ಖರ್ಜೂರದ ಪೇಸ್ಟ್ ಹಾಕಿದರೂ ಹಾಗೆ ಬರೆಯುವಂತಿಲ್ಲ. ‘ಸಕ್ಕರೆರಹಿತ’ ಎನ್ನಲು 100 ಗ್ರಾಮಿನಲ್ಲಿ ಅರ್ಧ ಗ್ರಾಮಿಗಿಂತ ಹೆಚ್ಚು ಸಕ್ಕರೆಯಂಶ ಇರಕೂಡದು. ‘ಬೆಲ್ಲದಿಂದ ಮಾಡಿದ್ದು’ ಎಂದು ಇದ್ದದ್ದನ್ನೇ ಬರೆಯಿರಿ, ಅದಕ್ಕೂ ಗಿರಾಕಿ ಇದ್ದಾರೆ. ರೋಗ ವಾಸಿ ಮಾಡುತ್ತದೆ ಎಂದು ಆಹಾರದ ಮೇಲೆ ಬರೆಯುವುದು ಕಾನೂನಿಗೇ ವಿರುದ್ಧ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 10 ಲಕ್ಷ ರೂ.ವರೆಗೆ ದಂಡ ಇದೆ. ‘ಶೇ 100’ ಎಂಬ ಪದವನ್ನೂ ಲೇಬಲ್ಲಿನಲ್ಲಿ ಬಳಸಬೇಡಿ ಎಂದು 2025ರ ಮೇ ತಿಂಗಳಲ್ಲಿ ಪ್ರಾಧಿಕಾರ ಸೂಚಿಸಿದೆ.

ಹೇಳಿಕೊಳ್ಳಲು ನಿಜವಾದದ್ದೇ ಇದೆಯಲ್ಲ! 100 ಗ್ರಾಮಿನಲ್ಲಿ 3 ಗ್ರಾಂ ನಾರಿದ್ದರೆ ‘ನಾರಿನ ಮೂಲ’, 6 ಇದ್ದರೆ ‘ಅಧಿಕ ನಾರು’ ಎನ್ನಬಹುದು. ನಿಮ್ಮ ಲಾಡುವನ್ನೇ ಮಾನ್ಯತೆಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಬರೆಯಿರಿ. ರಾಗಿಯ ಅಂಕಿಯನ್ನು ಪುಸ್ತಕದಿಂದ ಎತ್ತಿ ಲಾಡುವಿಗೆ ಅಂಟಿಸಿದರೆ ಬೆಲ್ಲ, ತುಪ್ಪ ಬೆರೆತ ಮೇಲಿನ ಲೆಕ್ಕ ತಪ್ಪುತ್ತದೆ. ‘ಗ್ಲುಟೆನ್ ಇಲ್ಲ’ ಎನ್ನುವುದಕ್ಕೂ ಇದೇ ಮಾತು. ಗ್ಲುಟೆನ್ ಎಂದರೆ ಗೋಧಿಯಲ್ಲಿರುವ ಜಿಗುಟು ಪ್ರೋಟೀನ್. ರಾಗಿಯಲ್ಲಿ ಅದು ಇಲ್ಲ, ನಿಜ. ಆದರೆ ಮಿತಿ ಕಿಲೋಗೆ 20 ಮಿಲಿಗ್ರಾಂ. ಗೋಧಿ ಬೀಸುವ ಗಿರಣಿಯಲ್ಲೇ ನಿಮ್ಮ ರಾಗಿಯನ್ನೂ ಬೀಸಿದರೆ ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟೇ ಆ ಮಿತಿ ದಾಟಿಸಬಹುದು.

ಪ್ರಶ್ನೆ: ನಮ್ಮ ಸಿರಿಧಾನ್ಯ ತಿಂಡಿ ಮನೆಗೆ ವರ್ಷ ತುಂಬುತ್ತಿದೆ. ದಿನಾ ಬರುವ 60 ಮಂದಿ ಇದ್ದಾರೆ, ತಿಂಡಿಗೆ 60 ರೂ. ಅವರಿಗೆ ಧನ್ಯವಾದ ಹೇಳಲು ಒಂದು ವಾರ ಶೇ 30 ರಿಯಾಯಿತಿ ಕೊಡೋಣವೇ? – ದಾವಣಗೆರೆ

ದಿನಾ ಬರುವವರಿಗೆ ರಿಯಾಯಿತಿ ಬೇಕಿಲ್ಲ, ಅವರು ಹೇಗೂ ಬರುತ್ತಾರೆ. ಎಂಟನೆಯ ದಿನ ಮತ್ತೆ 60 ರೂ. ಕೇಳಿದಾಗ ಮಾತ್ರ ದರ ಏರಿತು ಅನ್ನಿಸುತ್ತದೆ. ಲೆಕ್ಕ ನೋಡಿ: ಒಂದು ತಿಂಡಿಗೆ 18 ರೂ., ದಿನಕ್ಕೆ 1,080, ವಾರದ ರಜೆ ಬಿಟ್ಟು ಆರು ದಿನಕ್ಕೆ 6,480. ಈ ಹಣವನ್ನೇ ಬೇರೆ ಥರ ಹಂಚಬಹುದು. ಅರ್ಧ ಕಿಲೋ ಸಾಮೆ ಅಕ್ಕಿಗೆ 55 ರೂ. ಹಿಡಿದರೆ 60 ಮನೆಗೂ ಒಂದೊಂದು ಚೀಲ ಕೊಡಲು 3,300 ಸಾಕು. ಉಳಿದ 3,180 ಪಾತ್ರೆ ತೊಳೆಯುವವರಿಗೆ, ರುಬ್ಬುವವರಿಗೆ ಹೋಗಲಿ, ಜೊತೆಗೆ ಸಂಬಳ ಹಿಡಿಯದ ಒಂದು ದಿನ ರಜೆಯೂ ಇರಲಿ. ವರ್ಷವಿಡೀ ಒಂದೇ ರುಚಿ ಬಂದದ್ದು ಅವರ ಕೈಯಿಂದ.

ಕಾಳು ಕೊಡುವ ರೈತರಿಗೆ ಹಾರ ಶಾಲು ಬೇಡ. ತೂಕವಾದ ದಿನವೇ ಹಣ ಕೊಡಿ. ತೇವ ಎಷ್ಟಿರಬೇಕು, ಕಲ್ಲು ಕಸಕ್ಕೆ ಎಷ್ಟು ಕಡಿತ ಎನ್ನುವುದನ್ನು ಬಿತ್ತನೆಗೆ ಮುಂಚೆಯೇ ಮಾತಾಡಿಕೊಂಡಿದ್ದರೆ ಸುಗ್ಗಿಯಲ್ಲಿ ಮುನಿಸು ಬರುವುದಿಲ್ಲ. ಗಿರಾಕಿಗಳ ಪೈಕಿ ಮೊದಲು ನೆನೆಯಬೇಕಾದವರು ಉಪ್ಪು ಹೆಚ್ಚಾಯಿತು, ಕಲ್ಲು ಸಿಕ್ಕಿತು ಎಂದು ಎದುರಿಗೇ ಹೇಳಿದವರು. ಹೇಳದೆ ಹೋದವರು ಮತ್ತೆ ಬಂದಿಲ್ಲ. ದೂರು ಬರೆದಿಟ್ಟ ಪುಸ್ತಕ ಇದ್ದರೆ ಅದನ್ನು ತೆಗೆದು, ಯಾರು ಹೇಳಿದ್ದರಿಂದ ಏನು ಬದಲಾಯಿತು ಎಂದು ಒಂದೊಂದು ಸಾಲು ಬರೆದು ಅವರ ಚೀಲಕ್ಕೆ ಹಾಕಿ.

ಸಾಧ್ಯವಾದರೆ ಹೊಸ ಸಾಮೆ ಬರುವವರೆಗೆ ಕಾದು ಕೊಡಿ. ಹಳೆಯದರಷ್ಟು ನೀರು ಅದು ಕುಡಿಯುವುದಿಲ್ಲ, ಅಭ್ಯಾಸದಂತೆ ಸುರಿದರೆ ಮುದ್ದೆಯಾಗುತ್ತದೆ. ಆದ್ದರಿಂದ ಚೀಟಿಯ ಕೆಳಗೆ ಇದೂ ಇರಲಿ: ‘ಹೊಸ ಸಾಮೆ. ಒಂದು ಲೋಟಕ್ಕೆ ಎರಡೂಕಾಲು ಲೋಟ ನೀರು ಸಾಕು. ತಿಂಗಳೊಳಗೆ ಖಾಲಿ ಮಾಡಿ.’