ಮತಗಟ್ಟೆಗೆ ಬಾರದವರು ಯಾರು?

ಪ್ರಶ್ನೆ: ಬ್ರಿಟನ್ನಿನಲ್ಲಿ ಕಾರ್ಮಿಕರು ಲೇಬರ್ ಪಕ್ಷಕ್ಕೂ ಉಳ್ಳವರು ಕನ್ಸರ್ವೇಟಿವ್ ಪಕ್ಷಕ್ಕೂ ಮತ ಹಾಕುತ್ತಾರೆಂದು ಕಾಲೇಜಿನಲ್ಲಿ ಓದಿದ್ದೆ. ಆದರೆ 2024ರಲ್ಲಿ ಲೇಬರ್ ಭಾರೀ ಬಹುಮತದಿಂದ ಗೆದ್ದಾಗಲೂ ಹತ್ತು ಮತದಾರರಲ್ಲಿ ನಾಲ್ವರು ಮತಗಟ್ಟೆಗೇ ಹೋಗಿರಲಿಲ್ಲವಂತೆ. ವರ್ಗಭೇದ ಅಳಿದುದರಿಂದ ಜನರಿಗೆ ರಾಜಕೀಯದಲ್ಲಿ ಆಸಕ್ತಿ ಹೋಯಿತೆ?

ಉತ್ತರ: ವರ್ಗ ಅಳಿದಿಲ್ಲ. ಅಲ್ಲಿನ ಸಮೀಕ್ಷೆಗಳಲ್ಲಿ ಇಂದಿಗೂ ಅರ್ಧಕ್ಕಿಂತ ಹೆಚ್ಚು ಜನ ತಮ್ಮನ್ನು ಕಾರ್ಮಿಕ ವರ್ಗದವರೆಂದೇ ಗುರುತಿಸಿಕೊಳ್ಳುತ್ತಾರೆ. ಸಡಿಲಗೊಂಡಿರುವುದು ವರ್ಗಕ್ಕೂ ಪಕ್ಷಕ್ಕೂ ಇದ್ದ ನಂಟು. ಲೇಬರ್ ಪಕ್ಷ 1900ರಲ್ಲಿ ಹುಟ್ಟಿದ್ದೇ ಕಾರ್ಮಿಕ ಸಂಘಗಳು ತಮ್ಮವರನ್ನು ಸಂಸತ್ತಿಗೆ ಕಳುಹಿಸಬೇಕೆಂದು ಹೊರಟಾಗ. ಗಣಿಯ ಊರುಗಳಲ್ಲಿ ಸಂಘ, ಅದರ ಕ್ಲಬ್ಬು, ಪಕ್ಷದ ಶಾಖೆ ಎಲ್ಲವೂ ಒಂದೇ ಬಳಗದ ಕೈಯಲ್ಲಿದ್ದು, ಮತ ಹಾಕುವುದು ಅಭಿಪ್ರಾಯದ ಮಾತಾಗಿರದೆ ಆ ಬಳಗಕ್ಕೆ ಸೇರಿದವನೆಂಬುದರ ಗುರುತಾಗಿತ್ತು. 1951ರ ಚುನಾವಣೆಯಲ್ಲಿ ಶೇ. 80ಕ್ಕೂ ಹೆಚ್ಚು ಜನ ಮತ ಹಾಕಿದ್ದರು. ಆ ಮತಗಳಲ್ಲಿ ಶೇ. 97ರಷ್ಟು ಎರಡು ದೊಡ್ಡ ಪಕ್ಷಗಳಿಗೇ ಬಿದ್ದಿದ್ದವು.

ಆ ಕಟ್ಟೋಣ ಎರಡು ಕಡೆಗಳಿಂದ ಕುಸಿಯಿತು. 1984–85ರ ಗಣಿ ಕಾರ್ಮಿಕರ ಮುಷ್ಕರ ಸೋತ ಬಳಿಕ ಗಣಿಗಳು ಒಂದೊಂದಾಗಿ ಮುಚ್ಚಿದವು, 1979ರಲ್ಲಿ ಸುಮಾರು 1.3 ಕೋಟಿಯಿದ್ದ ಸಂಘಗಳ ಸದಸ್ಯಬಲ ಮುಂದಿನ ದಶಕಗಳಲ್ಲಿ ಸರಿಸುಮಾರು ಅರ್ಧಕ್ಕಿಳಿಯಿತು. ಇತ್ತ ಪಕ್ಷವೂ ದೂರ ಸರಿಯಿತು: ಆಗಿನ ನಾಯಕ ಟೋನಿ ಬ್ಲೇರ್ 1995ರಲ್ಲಿ ಪಕ್ಷದ ಸಂವಿಧಾನದ ನಾಲ್ಕನೆಯ ವಿಧಿಯನ್ನು ತಿದ್ದಿಸಿ, ಉತ್ಪಾದನಾ ಸಾಧನಗಳು ಸಮುದಾಯದ ಒಡೆತನದಲ್ಲಿರಬೇಕೆಂಬ ಹಳೆಯ ಗುರಿಯನ್ನು ಕೈಬಿಟ್ಟರು. ಗಣಿಯಿಂದಲೋ ಕಾರ್ಖಾನೆಯಿಂದಲೋ ಬಂದ ಸಂಸದರು ವಿರಳವಾಗಿ, ವಕೀಲರೂ ಸಲಹೆಗಾರರೂ ಆ ಜಾಗಕ್ಕೆ ಬಂದರು. ಮಧ್ಯಮ ವರ್ಗದ ಮತಗಳಿಗಾಗಿ ಇಷ್ಟೆಲ್ಲ ಮಾಡಿದ ಪಕ್ಷ 1997ರಲ್ಲಿ ಗೆದ್ದಿತು, ನಿಜ. ಆದರೆ 2001ರಲ್ಲಿ ಮತದಾನ ಶೇ. 59ಕ್ಕೆ ಇಳಿದು, 1918ರ ನಂತರದ ಕನಿಷ್ಠ ಮಟ್ಟ ಮುಟ್ಟಿತು. ಲೇಬರ್‌ನ ಭದ್ರಕೋಟೆಯಾದ ಲಿವರ್‌ಪೂಲ್ ರಿವರ್‌ಸೈಡ್ ಕ್ಷೇತ್ರದಲ್ಲಿ ಮತ ಹಾಕಿದವರು ಶೇ. 34ರಷ್ಟು ಮಾತ್ರ.

ಇದನ್ನು ನಿರಾಸಕ್ತಿ ಎಂದು ಕರೆದುಬಿಡುವುದು ನನಗೆ ಒಪ್ಪಿಗೆಯಿಲ್ಲ. ಹೆಚ್ಚು ಮತ ಪಡೆದ ಒಬ್ಬರೇ ಗೆಲ್ಲುವ ಪದ್ಧತಿಯಲ್ಲಿ, ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿರುವ ಕ್ಷೇತ್ರದವನು ಮನೆಯಲ್ಲಿ ಉಳಿದರೆ ಅವನ ಲೆಕ್ಕಾಚಾರ ತೀರ ತಪ್ಪೆನ್ನಲಾಗದು. ಯುರೋಪಿಯನ್ ಒಕ್ಕೂಟದಿಂದ ಹೊರಬರಬೇಕೇ ಎಂಬ 2016ರ ಬ್ರೆಕ್ಸಿಟ್ ಜನಮತಗಣನೆಯನ್ನು ನೋಡಿ. ಅಲ್ಲಿ ಯಾವ ಊರಿನ ಮತಕ್ಕಾದರೂ ಒಂದೇ ತೂಕವಿತ್ತು, ಶೇ. 72ರಷ್ಟು ಜನ ಬಂದರು. ಹಿಂದಿನ ವರ್ಷದ ಸಾರ್ವತ್ರಿಕ ಚುನಾವಣೆಯಲ್ಲಿ ಈ ಪ್ರಮಾಣ ಶೇ. 66ರಷ್ಟಿತ್ತು. ಮತ ಹಾಕದಿರುವುದಕ್ಕೂ ವರ್ಗವಿದೆ ಎಂಬುದನ್ನು ಮರೆಯಬಾರದು. 1960ರ ದಶಕದಲ್ಲಿ ಕಾರ್ಮಿಕರ ಮತ್ತು ಮಧ್ಯಮ ವರ್ಗದವರ ಮತದಾನದ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಈಗ ಬಾಡಿಗೆ ಮನೆಯವರು, ಹೆಚ್ಚು ಓದದವರು, ಕೂಲಿಕೆಲಸದವರು ಉಳಿದವರಿಗಿಂತ ಬಹಳ ಕಡಿಮೆ ಸಂಖ್ಯೆಯಲ್ಲಿ ಮತ ಹಾಕುತ್ತಾರೆ. ಹಾಗಾಗಿ ಪಕ್ಷಗಳು ಅವರತ್ತ ನೋಡುವುದು ಇನ್ನೂ ಕಡಿಮೆಯಾಗುತ್ತದೆ.

ನೀವು ಹೇಳಿದ 2024ರ ಬಹುಮತದ ಲೆಕ್ಕವನ್ನೂ ಕೇಳಿ: ಲೇಬರ್ 650ರಲ್ಲಿ 411 ಸ್ಥಾನ ಪಡೆದದ್ದು ಶೇ. 34ಕ್ಕಿಂತ ತುಸು ಕಡಿಮೆ ಮತದಿಂದ. ಬಾರದವರನ್ನೂ ಸೇರಿಸಿಕೊಂಡರೆ, ನೋಂದಾಯಿತ ಮತದಾರರಲ್ಲಿ ಐವರಿಗೆ ಒಬ್ಬರ ಬೆಂಬಲ.

ಪ್ರಶ್ನೆ: ಕಾರ್ಮಿಕರು ಟೋರಿಗಳಿಗೆ, ಅಂದರೆ ಕನ್ಸರ್ವೇಟಿವ್ ಪಕ್ಷಕ್ಕೆ, ಮತ ಹಾಕುವುದು ಬ್ರೆಕ್ಸಿಟ್ ನಂತರ ಶುರುವಾದದ್ದೇ?

ಉತ್ತರ: ಅಲ್ಲ. 1867ರಲ್ಲಿ ನಗರದ ದುಡಿಮೆಗಾರರಲ್ಲಿ ಅನೇಕರಿಗೆ ಮತದ ಹಕ್ಕು ಕೊಟ್ಟ ಸುಧಾರಣೆಯನ್ನು ಸಂಸತ್ತಿನಲ್ಲಿ ದಾಟಿಸಿದವರೇ ಟೋರಿ ನಾಯಕ ಡಿಸ್ರೇಲಿ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಕೂಡ ಕಾರ್ಮಿಕರಲ್ಲಿ ಸುಮಾರು ಮೂರನೆಯ ಒಂದು ಭಾಗ ಆ ಪಕ್ಷದ ಜೊತೆಗಿತ್ತು. 1980ರಲ್ಲಿ ಟೋರಿ ಪ್ರಧಾನಿ ಥ್ಯಾಚರ್ ಅವರ ಸರ್ಕಾರ ಸ್ಥಳೀಯ ಸಂಸ್ಥೆಗಳ ಬಾಡಿಗೆದಾರರಿಗೆ ತಮ್ಮ ಮನೆಯನ್ನೇ ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕು ಕೊಟ್ಟು ಆ ಬೆಂಬಲವನ್ನು ಗಟ್ಟಿಗೊಳಿಸಿತು.

2019ರ ಚುನಾವಣೆಯಲ್ಲಿ ಹೊಸದಾಗಿ ಆದದ್ದೆಂದರೆ, ಟೋರಿಗಳಿಗೆ ಎಂದೂ ಒಲಿಯದ ಬೋಲ್ಸೋವರ್‌ನಂಥ ಗಣಿ ಪ್ರದೇಶದ ಕ್ಷೇತ್ರಗಳು, ಜೊತೆಗೆ ಬ್ಲೇರ್ ಅವರದೇ ಆಗಿದ್ದ ಸೆಜ್‌ಫೀಲ್ಡ್ ಕೂಡ, ಲೇಬರ್ ಕೈಬಿಟ್ಟು ಹೋದದ್ದು. ಬೋಲ್ಸೋವರ್ 2024ರಲ್ಲಿ ಮರಳಿ ಬಂತು. ಆದರೆ ಹಳೆಯ ನಿಷ್ಠೆ ಮರಳಿತೆಂದು ನಾನು ಹೇಳಲಾರೆ. ಬಲಪಂಥೀಯ ರಿಫಾರ್ಮ್ ಪಕ್ಷ ಆ ಬಾರಿ ಐದೇ ಸ್ಥಾನ ಗೆದ್ದಿತಾದರೂ, ಅದು ಎರಡನೆಯ ಸ್ಥಾನಕ್ಕೆ ಬಂದ ಕ್ಷೇತ್ರಗಳಲ್ಲಿ ಬಹುಪಾಲು ಲೇಬರ್ ಗೆದ್ದವೇ ಆಗಿದ್ದವು.