ಒಂದೇ ಪಂದ್ಯ ಆಡಿದರೆ ಚಾಂಪಿಯನ್ನಾ?

ಪ್ರಶ್ನೆ: ಮೇಡಂ, ಇಂಗ್ಲೆಂಡಿನ ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸ್ ವಿಂಬಲ್ಡನ್ ಸಿಂಗಲ್ಸ್ 7 ಸಲ ಗೆದ್ದರು ಅಂತ ಓದಿದೆ. ಆದರೆ ಆಗೆಲ್ಲ ಹಿಂದಿನ ವರ್ಷದ ಚಾಂಪಿಯನ್ ಬರೀ ಕೊನೆಯ ಪಂದ್ಯ ಆಡಿದರೆ ಸಾಕಿತ್ತಂತೆ. ಹಾಗಾದರೆ ಆ 7ಕ್ಕೆ ಏನು ಬೆಲೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಪದ್ಧತಿ ಇದ್ದದ್ದು ನಿಜ. ಉಳಿದವರೆಲ್ಲ ಆಡಿ, ಅವರಲ್ಲಿ ಗೆದ್ದವರು ಹಳೇ ಚಾಂಪಿಯನ್‌ಗೆ ಸವಾಲು ಹಾಕಬೇಕಿತ್ತು. 1922ರಲ್ಲಿ ಅದನ್ನು ತೆಗೆದರು. ಆದರೆ ಲೆಕ್ಕ ಬಿಡಿಸಿ ನೋಡಿ. ಚೇಂಬರ್ಸ್ ಹಾಗೆ ಕಾದು ಕೂತು ಪಟ್ಟ ಉಳಿಸಿಕೊಂಡದ್ದು 1904, 1911, 1914ರಲ್ಲಿ ಮಾತ್ರ. 1903, 1906, 1910, 1913ರಲ್ಲಿ ಎಲ್ಲರಂತೆ ಕೆಳಗಿನ ಸುತ್ತುಗಳಿಂದಲೇ ಬಂದರು. ನಡುವೆ ಮದುವೆ, ಇಬ್ಬರು ಮಕ್ಕಳು, 1908ರಲ್ಲಿ ಲಂಡನ್ ಒಲಿಂಪಿಕ್ಸ್ ಚಿನ್ನ ಬೇರೆ. ಇನ್ನು 1911ರ ಆ ಒಂದೇ ಪಂದ್ಯವೋ? ಡೋರಾ ಬೂತ್‌ಬಿಗೆ ಒಂದು ಗೇಮ್ ಕೂಡ ಬಿಡಲಿಲ್ಲ: 6-0, 6-0.

ನನ್ನನ್ನು ಕೇಳಿದರೆ, ಆ 7 ಗೆಲುವಿಗಿಂತ ಅವರು ಸೋತ 1919ರ ಪಂದ್ಯವೇ ದೊಡ್ಡದು. ಯುದ್ಧದಿಂದಾಗಿ 4 ವರ್ಷ ವಿಂಬಲ್ಡನ್ ನಡೆದಿರಲಿಲ್ಲ. 1914ರ ಚಾಂಪಿಯನ್ ಅಂತ ಇವರು ನೇರ ಕೊನೆಯ ಪಂದ್ಯಕ್ಕೆ ಇಳಿದರು. ಆಗ ವಯಸ್ಸು 40. ಎದುರಿಗೆ ಫ್ರಾನ್ಸಿನ ಸುಜಾನ್ ಲೆಂಗ್ಲೆನ್, ಬರೀ 20. ಅವಳು ಸುತ್ತಿನ ಮೇಲೆ ಸುತ್ತು ಆಡಿ ಕೈ ಪಳಗಿಸಿಕೊಂಡು ಬಂದಿದ್ದಳು. ಹೀಗೆ ಕಾದು ಕೂರುವುದು ಯಾವಾಗಲೂ ಲಾಭವೇನಲ್ಲ, ಅಲ್ವಾ?

ಉಡುಪಿನಲ್ಲೂ ಅಷ್ಟೇ ಅಂತರ. ಲೆಂಗ್ಲೆನ್‌ದು ಗಿಡ್ಡ ತೋಳಿನ ಹಗುರ ಫ್ರಾಕು. ಚೇಂಬರ್ಸ್‌ದು ಕಾಲು ಮುಚ್ಚುವ ಲಂಗ, ಉದ್ದ ತೋಳಿನ ರವಿಕೆ. ಸೀರೆ ಸಿಕ್ಕಿಸಿಕೊಂಡು ಬ್ಯಾಡ್ಮಿಂಟನ್ ಆಡಿದ ನನಗೆ ಆ ಕಷ್ಟ ಚೆನ್ನಾಗಿ ಗೊತ್ತು. (ಅಂದ ಹಾಗೆ, ಚೇಂಬರ್ಸ್ ಬ್ಯಾಡ್ಮಿಂಟನ್‌ನಲ್ಲೂ ಆಲ್ ಇಂಗ್ಲೆಂಡ್ ಡಬಲ್ಸ್ ಗೆದ್ದವರು.)

ಮೊದಲ ಸೆಟ್ 10-8, ಲೆಂಗ್ಲೆನ್‌ಗೆ. ಎರಡನೆಯದು 6-4, ಚೇಂಬರ್ಸ್‌ಗೆ. ಲೆಂಗ್ಲೆನ್ ಸುಸ್ತಾದಾಗ ಅಪ್ಪ ಬ್ರಾಂಡಿಯಲ್ಲಿ ನೆನೆಸಿದ ಸಕ್ಕರೆ ತುಂಡು ಎಸೆಯುತ್ತಿದ್ದ! ಮೂರನೇ ಸೆಟ್‌ನಲ್ಲಿ 6-5 ಆಗಿ ಚೇಂಬರ್ಸ್‌ಗೆ ಎರಡು ಮ್ಯಾಚ್ ಪಾಯಿಂಟ್, ಅಂದರೆ ಒಂದೇ ಪಾಯಿಂಟ್‌ನಲ್ಲಿ ಪಂದ್ಯ ಮುಗಿಸುವ ಅವಕಾಶ, ಸಿಕ್ಕವು. ಒಂದರಲ್ಲಿ ಲೆಂಗ್ಲೆನ್‌ಳ ಬ್ಯಾಟಿನ ಮರದ ಅಂಚಿಗೆ ತಾಗಿದ ಚೆಂಡು ಹೇಗೋ ನೆಟ್ ದಾಟಿ ಬಿತ್ತು. ಕೊನೆಗೆ 9-7ರಲ್ಲಿ ಸೋಲು. ಒಟ್ಟು 44 ಗೇಮ್. ಅಷ್ಟು ಉದ್ದದ ಮಹಿಳಾ ಫೈನಲ್ ಅಲ್ಲಿ 1970ರವರೆಗೆ ಮತ್ತೆ ಆಗಲಿಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇರುವುದು ಮರುವರ್ಷದಲ್ಲಿ. ಪಟ್ಟ ಹೋಗಿತ್ತು, ಕೂತು ಕಾಯುವ ಹಕ್ಕೂ ಹೋಗಿತ್ತು. 41ರ ಚೇಂಬರ್ಸ್ ಉಳಿದವರ ಜೊತೆ ಆಡಿ, ಮೊಲ್ಲಾ ಮ್ಯಾಲರಿ, ಎಲಿಜಬೆತ್ ರಯಾನ್‌ರಂಥವರನ್ನು ಸೋಲಿಸಿ ಮತ್ತೆ ಲೆಂಗ್ಲೆನ್ ಎದುರಿಗೆ ನಿಂತರು. ಸೋತರು, ಅದು ಬೇರೆ ಮಾತು.

1925ರಲ್ಲಿ, 46ರ ವಯಸ್ಸಿನಲ್ಲಿ, ಅಮೆರಿಕಕ್ಕೆ ಹೋಗಿ ವೈಟ್‌ಮನ್ ಕಪ್‌ನಲ್ಲಿ (ಬ್ರಿಟನ್ ಮತ್ತು ಅಮೆರಿಕದ ಮಹಿಳಾ ತಂಡಗಳ ಟೆನಿಸ್ ಪಂದ್ಯಾವಳಿ) ಎಲಿನಾರ್ ಗಾಸ್‌ರನ್ನು ಸೋಲಿಸಿದರು. ಇಷ್ಟೆಲ್ಲ ಆಡಿದ್ದು ಅಮೆಚೂರ್ ಆಗಿ, ಬಹುಮಾನದ ಹಣವಿಲ್ಲದೆ. 1928ರಲ್ಲಿ ಕೋಚ್ ಆದರು. ಆಗಿನ ನಿಯಮದಂತೆ, ದುಡ್ಡು ತೆಗೆದುಕೊಂಡು ಕಲಿಸುವವರಿಗೆ ವಿಂಬಲ್ಡನ್ ಬಾಗಿಲು ಮುಚ್ಚಿತ್ತು.